ರಾಕೆಟ್ ಸಿಂಗ್ ಸಿನಿಮಾದ ಸೇಲ್ಸ್ ಎಷ್ಟು ನಿಜ? ಕೆಲಸದಲ್ಲಿದ್ದುಕೊಂಡೇ ಹಾಗೆ ವ್ಯಾಪಾರ ಶುರು ಮಾಡಬಹುದೇ?

ನೀವು ಕೇಳಿರುವುದು ಎರಡು ವಿಷಯ. ಕಂಪ್ಯೂಟರ್ ಡೀಲರ್ ಒಬ್ಬರ ಬಳಿ ಸೇಲ್ಸ್ ಕೆಲಸಕ್ಕೆ ಸೇರಿದ್ದೀರಿ, ‘ರಾಕೆಟ್ ಸಿಂಗ್: ಸೇಲ್ಸ್‌ಮನ್ ಆಫ್ ದಿ ಇಯರ್’ ನೋಡಿದ್ದೀರಿ. ಅದರಲ್ಲಿರುವ ಆಫೀಸು, ವ್ಯಾಪಾರ ಎಷ್ಟು ನಿಜ ಎಂಬುದು ಒಂದು. ಅದರ ನಾಯಕನಂತೆ ಕೆಲಸದಲ್ಲಿದ್ದೇ ಸ್ವಂತ ಕಂಪನಿ ನಡೆಸಬಹುದೇ ಎಂಬುದು ಇನ್ನೊಂದು. ಎರಡನೆಯದಕ್ಕೆ ಉತ್ತರ ಚಿಕ್ಕದು: ಬೇಡ. ಮೊದಲನೆಯದಕ್ಕೆ: ಸರ್ವಿಸ್ ಬಗ್ಗೆ ಸಿನಿಮಾ ಹೇಳಿದ್ದೆಲ್ಲ ನಿಜ, ಆದರೆ ದುಡ್ಡು ಯಾವಾಗ ಕೈಗೆ ಬರುತ್ತದೆ ಎಂಬ ವಿಷಯದಲ್ಲಿ ಅದು ಬಾಯೇ ಬಿಡುವುದಿಲ್ಲ. ಈ ಧಂದೆಯಲ್ಲಿ ಹೊಸಬರು ಮುಳುಗುವುದು ಅಲ್ಲಿಯೇ.

ಸಿನಿಮಾ ನೋಡದವರಿಗೆ ಎರಡು ಮಾತು. 2009ರ ಡಿಸೆಂಬರ್‌ನಲ್ಲಿ ಬಂದ ಚಿತ್ರ. ಶಿಮಿತ್ ಅಮೀನ್ ನಿರ್ದೇಶನ, ಜೈದೀಪ್ ಸಾಹ್ನಿ ಬರವಣಿಗೆ. ಬಿ.ಕಾಂನಲ್ಲಿ ಹೇಗೋ ಪಾಸಾದ ಹರ್‌ಪ್ರೀತ್ ಸಿಂಗ್ ಬೇಡಿ (ರಣಬೀರ್ ಕಪೂರ್) ಎವೈಎಸ್ ಎಂಬ ಕಂಪ್ಯೂಟರ್ ಕಂಪನಿಗೆ ಸೇಲ್ಸ್‌ಗೆ ಸೇರುತ್ತಾನೆ. ಗ್ರಾಹಕ ಕಂಪನಿಯವನೊಬ್ಬ ಲಂಚ ಕೇಳಿದಾಗ ದೂರು ಬರೆದು ಹಾಕುತ್ತಾನೆ, ಆಫೀಸಿನಲ್ಲಿ ಮೂಲೆಗುಂಪಾಗುತ್ತಾನೆ. ಆಮೇಲೆ ಅದೇ ಆಫೀಸಿನ ಟೆಕ್ನಿಷಿಯನ್, ರಿಸೆಪ್ಷನಿಸ್ಟ್, ಚಹಾ ಕೊಡುವವನು, ಕೊನೆಗೆ ತನ್ನ ಮೇಲಿನವನನ್ನೂ ಸೇರಿಸಿಕೊಂಡು ಅಲ್ಲೇ ಕೂತು ‘ರಾಕೆಟ್ ಸೇಲ್ಸ್’ ಎಂಬ ಗುಟ್ಟಿನ ಕಂಪನಿ ನಡೆಸುತ್ತಾನೆ.

ಆಫೀಸಿನ ಚಿತ್ರಣದಲ್ಲಿ ಹೆಚ್ಚು ಸುಳ್ಳಿಲ್ಲ. ಟಾರ್ಗೆಟ್ ಮುಟ್ಟದವನ ಮೇಲೆ ಎಲ್ಲರೆದುರು ಕೂಗಾಡುವುದು, ಸೇಲ್ಸ್‌ನವರು ಸರ್ವಿಸ್‌ನವರನ್ನು ಕಡೆಗಣಿಸುವುದು, ತಿಂಗಳ ಕೊನೆಗೆ ಹೇಗಾದರೂ ಬಿಲ್ ಹೊಡೆಯುವ ಧಾವಂತ, ಇವೆಲ್ಲ ಇಂದಿಗೂ ಇವೆ. ಬಿಲ್ ಆದ ತಕ್ಷಣ ಇನ್ಸೆಂಟಿವ್ ಕೊಡುವ ಕಡೆ ಈ ಧಾವಂತ ಇನ್ನೂ ಜಾಸ್ತಿ. ನಿಮ್ಮ ಕಂಪನಿಯಲ್ಲಿ ಇನ್ಸೆಂಟಿವ್ ಬಿಲ್ಲಿನ ಮೇಲೋ, ಪೇಮೆಂಟ್ ಬಂದ ಮೇಲೋ ಎಂದು ಮೊದಲ ವಾರವೇ ಕೇಳಿಕೊಳ್ಳಿ. ಪೇಮೆಂಟ್ ಬಂದ ಮೇಲೆ ಎಂದಿದ್ದರೆ ಅದು ಸ್ವಲ್ಪ ಬುದ್ಧಿಯಿರುವ ಕಂಪನಿ.

ಲಂಚದ ದೃಶ್ಯ ನಿಜ, ಆದರೆ ವಾಸ್ತವದಲ್ಲಿ ಅಷ್ಟು ನೇರವಾಗಿ ಯಾರೂ ಕೇಳುವುದಿಲ್ಲ. ಮಾಮೂಲಿ ದಾರಿ ಹೀಗೆ: ಪರ್ಚೇಸ್‌ನವರು ಮೂರು ಕೊಟೇಶನ್ ಬೇಕೆನ್ನುತ್ತಾರೆ, ಉಳಿದ ಎರಡನ್ನೂ ‘ನೀವೇ ಯಾರದ್ದಾದರೂ ಲೆಟರ್‌ಹೆಡ್‌ನಲ್ಲಿ ಹಾಕಿಸಿಕೊಡಿ’ ಎನ್ನುತ್ತಾರೆ. ಅದಕ್ಕೆ ಒಪ್ಪಿದರೆ ಮುಂದಿನ ಮಾತು ‘ರೇಟಿನಲ್ಲಿ ಸ್ವಲ್ಪ ಸೇರಿಸಿ’ ಎಂಬುದು. ಇನ್ನೊಂದು ದಾರಿ ಸ್ಪೆಸಿಫಿಕೇಶನ್: ಒಂದೇ ಮಾಡೆಲ್‌ಗೆ ಹೊಂದುವಂತೆ ಬರೆದಿದ್ದರೆ, ಆರ್ಡರ್ ಯಾರಿಗೆಂದು ಮೊದಲೇ ತೀರ್ಮಾನವಾಗಿದೆ ಎಂದರ್ಥ. ಇಂಥಲ್ಲಿ ದೂರುಪೆಟ್ಟಿಗೆ ಹುಡುಕಬೇಡಿ. ‘ಈ ಸ್ಪೆಕ್‌ಗೆ ಸಮಾನವಾದ ಬೇರೆ ಮಾಡೆಲ್ ಕೊಡಬಹುದೇ?’ ಎಂದು ಮೇಲ್ ಹಾಕಿ, ಐಟಿ ವಿಭಾಗದವರನ್ನೂ ಅದರಲ್ಲಿ ಸೇರಿಸಿ. ಉತ್ತರ ಬಾರದಿದ್ದರೆ ಆ ಆರ್ಡರ್ ಬಿಟ್ಟುಬಿಡಿ. ಗ್ರಾಹಕ ಸರ್ಕಾರಿ ಕಚೇರಿಯಾದರೆ ವಿಷಯ ಇನ್ನೂ ಗಂಭೀರ. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ತಿದ್ದುಪಡಿಯಾದ ಮೇಲೆ ಲಂಚ ಕೊಟ್ಟವನೂ ಅಪರಾಧಿ, ಏಳು ವರ್ಷದವರೆಗೆ ಜೈಲು. ಬಲವಂತಕ್ಕೆ ಕೊಟ್ಟಿದ್ದರೆ ಏಳು ದಿನದೊಳಗೆ ಪೊಲೀಸರಿಗೋ ತನಿಖಾ ಸಂಸ್ಥೆಗೋ ತಿಳಿಸಬೇಕು. ‘ಮ್ಯಾನೇಜರ್ ಹೇಳಿದರು, ಕೊಟ್ಟೆ’ ಎನ್ನುವುದು ನಿಮ್ಮನ್ನು ಉಳಿಸುವುದಿಲ್ಲ.

ಈಗ ಸಿನಿಮಾ ತೋರಿಸದ ಭಾಗಕ್ಕೆ ಬರೋಣ. ರಾಕೆಟ್ ಸೇಲ್ಸ್ ಆರ್ಡರ್ ಹಿಡಿಯುತ್ತದೆ, ಜೋಡಿಸುತ್ತದೆ, ಕೊಡುತ್ತದೆ, ಬೆಳೆಯುತ್ತದೆ. ಬಿಡಿಭಾಗಗಳಿಗೆ ದುಡ್ಡು ಎಲ್ಲಿಂದ ಬಂತು, ಗ್ರಾಹಕ ಎಷ್ಟು ದಿನಕ್ಕೆ ಕೊಟ್ಟ ಎಂಬುದೇ ಅಲ್ಲಿ ಕಥೆಯಲ್ಲ. ಒಂದು ಲೆಕ್ಕ ಹಾಕಿ ನೋಡಿ. 20 ಡೆಸ್ಕ್‌ಟಾಪ್, ಒಂದಕ್ಕೆ ₹40,000. ಒಟ್ಟು ₹8,00,000, ಶೇ. 18 ಜಿಎಸ್‌ಟಿ ₹1,44,000, ಬಿಲ್ ₹9,44,000. ನಿಮಗೆ ಬಿದ್ದ ದರ ₹37,600 ಎಂದಿಟ್ಟುಕೊಳ್ಳಿ. ಖರೀದಿ ₹7,52,000, ಅದರ ಮೇಲೆ ಜಿಎಸ್‌ಟಿ ₹1,35,360, ಡಿಸ್ಟ್ರಿಬ್ಯೂಟರ್‌ಗೆ ನೀವು ಕಟ್ಟಬೇಕಾದದ್ದು ₹8,87,360. ಕಾಗದದ ಮೇಲೆ ಲಾಭ ₹48,000. ಹೊಸ ಡೀಲರ್‌ಗೆ ಡಿಸ್ಟ್ರಿಬ್ಯೂಟರ್ ಸುಲಭಕ್ಕೆ ಉದ್ದರಿ ಕೊಡುವುದಿಲ್ಲ. ಮುಂಗಡ ಕೊಡಿ ಅಥವಾ ಮುಂದಿನ ತಾರೀಕಿನ ಚೆಕ್ ಕೊಡಿ ಎನ್ನುತ್ತಾನೆ. ಆ ದುಡ್ಡನ್ನು ವರ್ಷಕ್ಕೆ ಶೇ. 18ರ ಬಡ್ಡಿಗೆ ತಂದಿದ್ದರೆ ತಿಂಗಳಿಗೆ ಹತ್ತಿರ ಹತ್ತಿರ ₹13,300. ಗ್ರಾಹಕ 30 ದಿನ ಎಂದು ಹೇಳಿ 90 ದಿನಕ್ಕೆ ಕೊಟ್ಟರೆ ಬಡ್ಡಿಯೇ ₹39,900 ದಾಟಿತು. ಉಳಿದದ್ದು ಎಂಟು ಸಾವಿರ. ಸಾಗಾಣಿಕೆ, ಇನ್‌ಸ್ಟಾಲೇಶನ್, ಮೂರ್ನಾಲ್ಕು ಸರ್ವಿಸ್ ಕಾಲ್ ಕಳೆದರೆ ಏನೂ ಇಲ್ಲ. ಇದಕ್ಕೂ ಮೊದಲು, ಆರ್ಡರ್ ಗಿಟ್ಟಿಸಲು ಶೇ. 2 ರಿಯಾಯಿತಿ ಬಿಟ್ಟಿದ್ದರೆ ₹16,000 ಆಗಲೇ ಹೋಗಿರುತ್ತದೆ. ಸೇಲ್ಸ್‌ನವರು ‘ಎರಡೇ ಪರ್ಸೆಂಟ್’ ಎನ್ನುತ್ತಾರೆ. ಅದು ಲಾಭದ ಮೂರನೇ ಒಂದು ಪಾಲು.

ಜಿಎಸ್‌ಟಿ ಬಗ್ಗೆ ಇನ್ನೊಂದು. ತೆರಿಗೆ ಲೆಕ್ಕ ನಡೆಯುವುದು ಬಿಲ್ಲಿನ ತಾರೀಕಿನ ಮೇಲೆ, ದುಡ್ಡು ಬಂದ ತಾರೀಕಿನ ಮೇಲಲ್ಲ. ಮೇಲಿನ ಉದಾಹರಣೆಯಲ್ಲಿ ₹1,44,000ದಲ್ಲಿ ₹1,35,360 ಇನ್‌ಪುಟ್ ಕ್ರೆಡಿಟ್ (ಖರೀದಿಯಲ್ಲಿ ಆಗಲೇ ಕಟ್ಟಿದ ತೆರಿಗೆ) ಕಳೆದು ₹8,640 ಕಟ್ಟಿದರೆ ಸಾಕು. ಆದರೆ ನಿಮಗೆ ಮಾರಿದವನು ತನ್ನ ರಿಟರ್ನ್‌ನಲ್ಲಿ ಆ ಬಿಲ್ ಹಾಕದೇ ಹೋದರೆ ನಿಮ್ಮ ಜಿಎಸ್‌ಟಿಆರ್-2ಬಿಯಲ್ಲಿ (ಜಿಎಸ್‌ಟಿ ಪೋರ್ಟಲ್ ತೋರಿಸುವ ಕ್ರೆಡಿಟ್ ಪಟ್ಟಿ) ಕ್ರೆಡಿಟ್ ಕಾಣಿಸುವುದಿಲ್ಲ, ಆಗ ಅಷ್ಟೂ ಮೊತ್ತ ಕೈಯಿಂದ. ತಿಂಗಳ ರಿಟರ್ನ್ ಹಾಕುವವರಿಗೆ ಗಡುವು ಮುಂದಿನ ತಿಂಗಳ 20. ಆದ್ದರಿಂದ ನೂರಿನ್ನೂರು ರೂಪಾಯಿ ಕಮ್ಮಿ ಎಂದು ಗುರುತಿಲ್ಲದ ಅಂಗಡಿಯಿಂದ ಬಿಡಿಭಾಗ ತರುವುದು ಬಹಳ ಸಲ ದುಬಾರಿಯ ಉಳಿತಾಯ. ಚಿತ್ರ ಬಂದಾಗ ವ್ಯಾಟ್ ಇತ್ತು, ಜಿಎಸ್‌ಟಿ 2017ರ ಜುಲೈ 1ರಿಂದ. ಈ ಭಾಗಕ್ಕೆ ಸಿನಿಮಾವನ್ನು ನಂಬಿ ಪ್ರಯೋಜನವಿಲ್ಲ.

ಹಾಗಾದರೆ ವಸೂಲಿ ಹೇಗೆ? ಮೊದಲು ಕಾಗದ ಸರಿಯಿರಬೇಕು. ಫೋನಿನಲ್ಲಿ ‘ಕಳಿಸಿ ಸಾರ್, ಪಿಒ ಆಮೇಲೆ ಕೊಡ್ತೀವಿ’ (ಪಿಒ ಎಂದರೆ ಪರ್ಚೇಸ್ ಆರ್ಡರ್, ಲಿಖಿತ ಆರ್ಡರ್) ಎಂದರೆ ಮಾಲು ಕಳಿಸಬೇಡಿ. ಪಿಒದಲ್ಲಿ ದರ, ಪೇಮೆಂಟ್ ದಿನ, ವಾರಂಟಿ, ಜಿಎಸ್‌ಟಿ ನಂಬರ್ ಎಲ್ಲ ನಿಮ್ಮ ಕೊಟೇಶನ್‌ಗೆ ಹೊಂದುತ್ತದೆಯೇ ನೋಡಿ. ‘ಇನ್‌ಸ್ಟಾಲೇಶನ್ ಆದ 45 ದಿನಕ್ಕೆ’ ಎಂಬ ಸಾಲು ಸದ್ದಿಲ್ಲದೆ ಸೇರಿಕೊಂಡಿರುತ್ತದೆ. ಡೆಲಿವರಿ ಚಲನ್ ಮೇಲೆ ಸೀಲು, ಸಹಿ, ತಾರೀಕು, ಸೀರಿಯಲ್ ನಂಬರ್‌ಗಳು ಬೇಕು. ಇನ್‌ಸ್ಟಾಲೇಶನ್ ರಿಪೋರ್ಟ್ ಬೇರೆಯೇ ತೆಗೆದುಕೊಳ್ಳಿ. ಬಿಲ್ ನಿಲ್ಲುವುದು ಮಾಲಕರ ಮೇಜಿನ ಮೇಲಲ್ಲ, ಅಕೌಂಟ್ಸ್‌ನಲ್ಲಿ, ಇಂಥ ಒಂದು ಕಾಗದ ಕಡಿಮೆ ಇದೆ ಎಂಬ ಕಾರಣಕ್ಕೆ. ಹಾಗಾಗಿ ಪರ್ಚೇಸ್‌ನವರ ಜೊತೆಗಿನಷ್ಟೇ ಸ್ನೇಹ ಅಕೌಂಟ್ಸ್‌ನ ಗುಮಾಸ್ತರ ಜೊತೆಗೂ ಇರಲಿ, ಅವರು ಪೇಮೆಂಟ್ ಹಾಕುವ ವಾರ ಯಾವುದೆಂದು ತಿಳಿದಿರಲಿ.

ಗಡುವು ದಾಟಿದ ಮೇಲೆ ಬಳಸಬಹುದಾದ ಒಂದು ಒಳ್ಳೆಯ ಅಸ್ತ್ರ ಜಿಎಸ್‌ಟಿ ಕಾಯ್ದೆಯಲ್ಲೇ ಇದೆ: ಬಿಲ್ ಆದ 180 ದಿನದೊಳಗೆ ಮಾರಿದವನಿಗೆ ದುಡ್ಡು ಕೊಡದಿದ್ದರೆ ಕೊಂಡವನು ತೆಗೆದುಕೊಂಡ ಇನ್‌ಪುಟ್ ಕ್ರೆಡಿಟ್ ಅನ್ನು ಬಡ್ಡಿ ಸಮೇತ ವಾಪಸ್ ಮಾಡಬೇಕು. ಐದನೇ ತಿಂಗಳಲ್ಲಿ ಇದನ್ನು ವಿನಯವಾಗಿ ನೆನಪಿಸುವ ಒಂದು ಮೇಲ್ ಹತ್ತು ಫೋನಿಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ಚೆಕ್ ಬೌನ್ಸ್ ಆದರೆ ದಿನಗಳನ್ನು ಎಣಿಸಿ: ಬ್ಯಾಂಕಿನ ಮೆಮೊ ಬಂದ 30 ದಿನದೊಳಗೆ ನೋಟಿಸ್, ನೋಟಿಸ್ ತಲುಪಿದ ಮೇಲೆ 15 ದಿನ ಅವಕಾಶ, ಆಮೇಲೆ ಒಂದು ತಿಂಗಳೊಳಗೆ ದೂರು. ಉದ್ಯಮ್ (ಸಣ್ಣ ಉದ್ದಿಮೆಗಳ ಸರ್ಕಾರಿ) ನೋಂದಣಿ ಮಾಡಿಸಿದರೆ 45 ದಿನಕ್ಕೆ ದುಡ್ಡು ಸಿಗುತ್ತದೆ ಎಂದು ಬಹಳ ಜನ ನಂಬಿದ್ದಾರೆ. ತಯಾರಕರಿಗೆ ಮತ್ತು ಸೇವೆ ಕೊಡುವವರಿಗೆ ಅದು ನಿಜ. ಬರೀ ಕೊಂಡು ಮಾರುವ ವ್ಯಾಪಾರಿಗೆ 2021ರಲ್ಲಿ ಸಿಕ್ಕ ನೋಂದಣಿಯ ಪ್ರಯೋಜನ ಬ್ಯಾಂಕಿನ ಆದ್ಯತಾ ಸಾಲಕ್ಕಷ್ಟೇ ಸೀಮಿತ, ತಡ ಪಾವತಿಯ ರಕ್ಷಣೆ ಅದರಲ್ಲಿಲ್ಲ.

ಸರ್ವಿಸ್‌ಗೆ ಬರುತ್ತೇನೆ, ಏಕೆಂದರೆ ಚಿತ್ರ ನಿಜಕ್ಕೂ ಗಟ್ಟಿಯಾಗಿರುವುದು ಇಲ್ಲಿ. ಎವೈಎಸ್‌ನ ಮಾಲಕ ಪುರಿ ಕೊನೆಗೆ ರಾಕೆಟ್ ಸೇಲ್ಸ್ ಅನ್ನು ಕೈಗೆ ತೆಗೆದುಕೊಂಡರೂ ನಡೆಸಲಾರದೆ ಹೋಗುತ್ತಾನೆ. ಹೆಸರು ಸಿಕ್ಕಿತು, ಗ್ರಾಹಕರು ಸಿಕ್ಕರು, ಕೊಟ್ಟ ಮಾತು ಉಳಿಸಿಕೊಳ್ಳುವ ವ್ಯವಸ್ಥೆ ಸಿಗಲಿಲ್ಲ. ಆದರೆ ಯಾವ ಹೊತ್ತಿಗೂ ಸರ್ವಿಸ್ ಎಂದು ಮಾತು ಕೊಡುವ ಮೊದಲು ಅದಕ್ಕೆ ಏನು ಬೇಕೆಂದು ನೋಡಿ. ಕೆಟ್ಟ ಎಸ್‌ಎಂಪಿಎಸ್ (ಯಂತ್ರದ ಪವರ್ ಸಪ್ಲೈ) ಅಥವಾ ಎಸ್‌ಎಸ್‌ಡಿಯನ್ನು (ಡೇಟಾ ಉಳಿಸುವ ಡ್ರೈವ್) ವಾರಂಟಿಗೆ ಕಳಿಸಿದರೆ ಬದಲಿ ಬರಲು ವಾರಗಳೇ ಹಿಡಿಯಬಹುದು. ಗ್ರಾಹಕನಿಗೆ ಮೂರು ವರ್ಷದ ವಾರಂಟಿ ಮುಖ್ಯವಲ್ಲ, ಇವತ್ತು ಮಧ್ಯಾಹ್ನ ಬಿಲ್ಲಿಂಗ್ ನಡೆಯಬೇಕು. ಅಂದರೆ ಸ್ಪೇರ್ ನಿಮ್ಮ ಕಪಾಟಿನಲ್ಲಿರಬೇಕು: ನೂರು ಯಂತ್ರ ನೋಡಿಕೊಳ್ಳುತ್ತಿದ್ದರೆ ನನ್ನ ಲೆಕ್ಕದಲ್ಲಿ ನಾಲ್ಕೈದು ಎಸ್‌ಎಂಪಿಎಸ್, ಅಷ್ಟೇ ರ‍್ಯಾಮ್, ಎರಡು ಮೂರು ಎಸ್‌ಎಸ್‌ಡಿ, ಹತ್ತು ಸಿಆರ್2032 ಬ್ಯಾಟರಿ, ಕೀಬೋರ್ಡ್–ಮೌಸ್, ಜೊತೆಗೆ ಪೂರ್ತಿ ತಯಾರಾದ ಎರಡು ಸ್ಟ್ಯಾಂಡ್‌ಬೈ ಯಂತ್ರ. ಈ ದುಡ್ಡೂ ನಿಂತ ದುಡ್ಡೇ.

ಕಾಲ್ ಬಂದಾಗ ಓಡುವ ಮೊದಲು ಫೋನಿನಲ್ಲೇ ಅರ್ಧ ಬಗೆಹರಿಸಬಹುದು. ಫ್ಯಾನ್ ತಿರುಗುತ್ತಿದ್ದು ಪರದೆ ಕಪ್ಪಾಗಿ ಬೀಪ್ ಹೊಡೆಯುತ್ತಿದ್ದರೆ ಹೆಚ್ಚಾಗಿ ರ‍್ಯಾಮ್. ತೆಗೆದು ಚಿನ್ನದ ಬಣ್ಣದ ತುದಿಯನ್ನು ಪೆನ್ಸಿಲ್ ರಬ್ಬರಿನಿಂದ ಒರೆಸಿ ಮತ್ತೆ ಕೂರಿಸಿದರೆ ಸಾಕು. ಪ್ರತಿದಿನ ತಾರೀಕು ತಪ್ಪುತ್ತಿದ್ದರೆ ಸಿಮಾಸ್ ಬ್ಯಾಟರಿ, ಅಂದರೆ ಮದರ್‌ಬೋರ್ಡ್ ಮೇಲಿನ ಆ ಸಿಆರ್2032. ಅರ್ಧ ಗಂಟೆ ನಡೆದು ತಾನೇ ಆಫ್ ಆಗುತ್ತಿದ್ದರೆ ಪ್ರೊಸೆಸರ್ ಫ್ಯಾನಿನ ಧೂಳು, ಒಣಗಿದ ಥರ್ಮಲ್ ಪೇಸ್ಟ್. ಒಂದೇ ಆಫೀಸಿನಲ್ಲಿ ಮತ್ತೆ ಮತ್ತೆ ಎಸ್‌ಎಂಪಿಎಸ್ ಸುಟ್ಟರೆ ಮಾಲನ್ನು ಬೈಯುವ ಮೊದಲು ಅಲ್ಲಿನ ಅರ್ತಿಂಗ್ ಅಳೆಯಿರಿ: ನ್ಯೂಟ್ರಲ್ ಮತ್ತು ಅರ್ತ್ ನಡುವೆ ಮೂರು ವೋಲ್ಟ್ ದಾಟಿದರೆ ಎಲೆಕ್ಟ್ರಿಷಿಯನ್‌ನನ್ನು ಕರೆಸಲು ಬರೆದು ಕೊಡಿ. ಬರೆದು ಕೊಡುವುದು ಮುಖ್ಯ, ಎಎಂಸಿ (ವಾರ್ಷಿಕ ನಿರ್ವಹಣಾ ಒಪ್ಪಂದ) ನವೀಕರಣದ ಹೊತ್ತಿಗೆ ಆ ಕಾಗದ ನಿಮ್ಮ ಪರ ಮಾತಾಡುತ್ತದೆ.

ಅಸೆಂಬಲ್ ಮಾಡಿ ಸ್ವಂತ ಹೆಸರಿನ ಸ್ಟಿಕ್ಕರ್ ಅಂಟಿಸಿ ಮಾರುವ ಕನಸಿದ್ದರೆ ಎರಡು ಅಡ್ಡಿಗಳಿವೆ. 2012ರಲ್ಲಿ ಮೊದಲು ಬಂದ ಕಡ್ಡಾಯ ನೋಂದಣಿ ನಿಯಮದ ಪ್ರಕಾರ ನಿಮ್ಮ ಬ್ರ್ಯಾಂಡಿನ ಕಂಪ್ಯೂಟರ್‌ಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ನೋಂದಣಿ ಬೇಕು. ಚಿತ್ರದ ಕಾಲಕ್ಕೆ ಈ ತೊಡಕಿರಲಿಲ್ಲ. ಇನ್ನೊಂದು ವಿಂಡೋಸ್. ಗ್ರಾಹಕ ‘ಸುಮ್ನೆ ಹಾಕಿಕೊಡಿ’ ಎನ್ನುತ್ತಾನೆ, ದರ ಇಳಿಸಲು ಎಲ್ಲರೂ ಅಲ್ಲೇ ಕೈ ಹಾಕುತ್ತಾರೆ. ಕೃತಿಸ್ವಾಮ್ಯ ಕಾಯ್ದೆಯಲ್ಲಿ ಕದ್ದ ಸಾಫ್ಟ್‌ವೇರ್ ಗೊತ್ತಿದ್ದೂ ಬಳಸುವವನಿಗೇ ಮೂರು ವರ್ಷದವರೆಗೆ ಜೈಲಿದೆ. ಕೊಟೇಶನ್‌ನಲ್ಲಿ ಲೈಸೆನ್ಸ್ ಅನ್ನು ಬೇರೆ ಸಾಲಾಗಿ ತೋರಿಸಿ; ಬೇಡ ಎಂದರೆ ‘ಓಎಸ್ ಇಲ್ಲದೆ’ ಎಂದು ಬಿಲ್ಲಿನಲ್ಲಿ ಬರೆಯಿರಿ, ಹಾಗೆಯೇ ಕೊಡಿ.

ಕೆಲಸದಲ್ಲಿದ್ದೇ ವ್ಯಾಪಾರ ಏಕೆ ಬೇಡ ಎಂಬುದಕ್ಕೆ ಕಾರಣ ನೈತಿಕತೆಯೊಂದೇ ಅಲ್ಲ. ಕರಾರು ಕಾಯ್ದೆಯ 27ನೇ ಸೆಕ್ಷನ್ ಕಾರಣದಿಂದ ಕೆಲಸ ಬಿಟ್ಟ ಮೇಲೆ ಅದೇ ವ್ಯಾಪಾರ ಮಾಡಬಾರದೆಂಬ ಷರತ್ತು ಸಾಮಾನ್ಯವಾಗಿ ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಕೆಲಸದಲ್ಲಿರುವಾಗಿನ ಷರತ್ತು ನಿಲ್ಲುತ್ತದೆ. ಕಂಪನಿಯ ಫೋನು, ಮಾಲು, ಗ್ರಾಹಕರ ಪಟ್ಟಿ ಬಳಸಿದರೆ ನೌಕರನ ನಂಬಿಕೆದ್ರೋಹದ ಕೇಸು ಬೀಳಬಹುದು. ಪಟ್ಟಿಯನ್ನು ಪೆನ್‌ಡ್ರೈವ್‌ಗೆ ಇಳಿಸಿಕೊಂಡರೆ ಐಟಿ ಕಾಯ್ದೆಯ 43 ಮತ್ತು 66ನೇ ಸೆಕ್ಷನ್‌ಗಳೂ ಸೇರಿಕೊಳ್ಳುತ್ತವೆ. ‘ಬಳಸಿದ್ದಕ್ಕೆಲ್ಲ ಲೆಕ್ಕ ಇಟ್ಟಿದ್ದೇನೆ, ಮುಂದೆ ಕೊಡುತ್ತೇನೆ’ ಎಂಬ ವಾದ ಸಿನಿಮಾದಲ್ಲಿ ಚಪ್ಪಾಳೆ ಗಿಟ್ಟಿಸೀತು, ಪೊಲೀಸ್ ಠಾಣೆಯಲ್ಲಿ ಅದು ತಪ್ಪೊಪ್ಪಿಗೆಯಂತೆ ಕೇಳಿಸುತ್ತದೆ.

ಹೊರಗೆ ಬಂದೇ ಶುರು ಮಾಡಿ. ನೋಟಿಸ್ ಅವಧಿ ಮುಗಿಸಿ, ರಿಲೀವಿಂಗ್ ಪತ್ರ ತೆಗೆದುಕೊಳ್ಳಿ. ಚಹಾ ಕೊಡುವವರನ್ನೂ ಪಾಲುದಾರರನ್ನಾಗಿ ಮಾಡಿಕೊಂಡದ್ದು ಚಿತ್ರದ ಚಂದದ ಭಾಗ, ಆದರೆ ಸಾಮಾನ್ಯ ಪಾಲುದಾರಿಕೆಯಲ್ಲಿ ಸಂಸ್ಥೆಯ ಸಾಲಕ್ಕೆ ಪ್ರತಿಯೊಬ್ಬ ಪಾಲುದಾರನ ಸ್ವಂತ ಆಸ್ತಿಯೂ ಹೊಣೆ; ಜೊತೆಯವರಿಗೆ ಪಾಲು ಕೊಡುವುದಾದರೆ ಎಲ್‌ಎಲ್‌ಪಿ (ಸೀಮಿತ ಹೊಣೆಯ ಪಾಲುದಾರಿಕೆ) ಮಾಡಿ. ಸರಕು ಮಾರಾಟಕ್ಕೆ ಜಿಎಸ್‌ಟಿ ಮಿತಿ ಕರ್ನಾಟಕದಲ್ಲಿ ವರ್ಷಕ್ಕೆ ₹40 ಲಕ್ಷ ಇದ್ದರೂ ಮೊದಲ ದಿನವೇ ನೋಂದಣಿ ಮಾಡಿಸಿ, ಕಂಪನಿಗಳು ಕ್ರೆಡಿಟ್ ಸಿಗದ ಬಿಲ್ ಮುಟ್ಟುವುದಿಲ್ಲ. ಶುರುವಿಗೆ ಯಂತ್ರ ಮಾರುವುದಕ್ಕಿಂತ ಎಎಂಸಿ ಹಿಡಿಯುವುದು ಜಾಣತನ: ಬಂಡವಾಳ ಕಡಿಮೆ, ಮೂರು ತಿಂಗಳ ದುಡ್ಡು ಮುಂಗಡವಾಗಿ ಕೇಳಬಹುದು, ಆಫೀಸಿನ ಒಳಗೆ ಓಡಾಡುವಾಗ ಯಾವ ಯಂತ್ರಕ್ಕೆ ವಯಸ್ಸಾಗಿದೆ ಎಂಬುದು ತಾನಾಗಿ ತಿಳಿಯುತ್ತದೆ. ಆ ಯಂತ್ರಗಳ ಆರ್ಡರ್ ಬಂದಾಗ ಹೊಸ ಗ್ರಾಹಕನಾದರೆ ಪಿಒ ಜೊತೆ ಅರ್ಧ ಮುಂಗಡ, ಉಳಿದದ್ದು ಮಾಲು ಇಳಿಸಿದ ದಿನ ಎಂದೇ ಕೇಳಿ. ಒಪ್ಪದಿದ್ದರೆ ಇಪ್ಪತ್ತರ ಬದಲು ಐದು ಯಂತ್ರ ಕೊಟ್ಟು, ಅದರ ಪೇಮೆಂಟ್ ಬಂದ ಮೇಲೆ ಉಳಿದ ಹದಿನೈದನ್ನು ಬಿಲ್ ಮಾಡಿ.