ಎಸ್‌ವಿಎನ್ ಬಿಟ್ಟು ಗಿಟ್‌ಗೆ ಹೋಗುವಾಗ ಹಳೆಯ ಹಿಸ್ಟರಿ ಬೇಕಾ?

ಸಿಂಧನೂರಿನಿಂದ ನೀವು ಕೇಳಿದ್ದು ಇಷ್ಟು: ಹನ್ನೆರಡು ವರ್ಷದ ಕೋಡ್ ಸಬ್‌ವರ್ಷನ್‌ನಲ್ಲಿದೆ (ಅದೇ ಎಸ್‌ವಿಎನ್), ಈಗ ಗಿಟ್‌ಗೆ ಹೋಗಬೇಕು. (ಎರಡೂ ಕೋಡ್‌ನಲ್ಲಿ ಯಾರು, ಯಾವಾಗ, ಏನು ಬದಲಾಯಿಸಿದರು ಅಂತ ದಾಖಲೆ ಇಡುವ ಸಾಧನಗಳು; ಆ ದಾಖಲೆಯೇ ಹಿಸ್ಟರಿ.) ಹಳೆಯ ಹಿಸ್ಟರಿಯನ್ನೆಲ್ಲ ಹೊತ್ತುಕೊಂಡು ಹೋಗಬೇಕಾ, ಇವತ್ತಿನ ಕೋಡ್ ಮಾತ್ರ ಹಾಕಿ ಹೊಸದಾಗಿ ಶುರು ಮಾಡಿದರೆ ಸಾಲದಾ?

ಹೊತ್ತುಕೊಂಡೇ ಹೋಗಿ. ನಾನು ಗಂಗಾವತಿಯಲ್ಲಿ ರೈಸ್ ಮಿಲ್‌ಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಬರೆಯುತ್ತೇನೆ. ನನಗೂ ಹೊಸದಾಗಿ ಶುರು ಮಾಡುವ ಮನಸ್ಸೇ ಇತ್ತು. ಅದನ್ನು ಬದಲಾಯಿಸಿದ್ದು 26 ಅನ್ನುವ ಒಂದು ಅಂಕಿ.

ನಮ್ಮ ಕೋಡ್‌ನಲ್ಲಿ ಚೀಲದ ತೂಕ 26 ಅಂತ ಇತ್ತು. ಹೊಸದಾಗಿ ಸೇರಿದ ಹುಡುಗ ಟೈಪಿಂಗ್ ತಪ್ಪು ಅಂದುಕೊಂಡು 25 ಮಾಡಿದ. 26 ಕೆಜಿ ಚೀಲ ಯಾರು ಮಾಡ್ತಾರೆ, ಅಲ್ವಾ? ಟೆಸ್ಟ್ ಬಿಲ್ ತೆಗೆದರೆ ಇಡೀ ಲಾರಿ ಲೋಡಿಗೆ 5% ಜಿಎಸ್‌ಟಿ ಬಿದ್ದಿತ್ತು. ಆ ಸಾಲಿಗೆ ಬ್ಲೇಮ್ ಹಾಕಿದೆವು, ಅಂದರೆ ಅದನ್ನು ಯಾರು, ಯಾವಾಗ ಬರೆದದ್ದು ಅಂತ ಹಿಸ್ಟರಿಯಲ್ಲಿ ನೋಡಿದೆವು. ಸಿಕ್ಕಿದ್ದು ಜುಲೈ 2022ರ ನನ್ನದೇ ಕಮಿಟ್ (ಸಂದೇಶ ಬರೆದು ದಾಖಲಿಸಿದ ಬದಲಾವಣೆ). ಆ ತಿಂಗಳ 18ರಿಂದ 25 ಕೆಜಿವರೆಗಿನ ಲೇಬಲ್ ಹಾಕಿದ ಪ್ಯಾಕ್ ಅಕ್ಕಿಗೆಲ್ಲ ತೆರಿಗೆ ಬಂದಿತ್ತು. ಮಿಲ್‌ನವರು ಒಂದು ಕೆಜಿ ಜಾಸ್ತಿ ತುಂಬಿ ಅದರಿಂದ ತಪ್ಪಿಸಿಕೊಂಡರು. ಬರೆದವನು ನಾನೇ, ಮರೆತವನೂ ನಾನೇ. ಹಿಸ್ಟರಿ ಬಿಸಾಕಿದ್ದರೆ ಆ 26 ಯಾಕಿದೆ ಅಂತ ಹೇಳುವವರು ಯಾರೂ ಇರುತ್ತಿರಲಿಲ್ಲ.

ಸರಿ, ಹೇಗೆ ಮಾಡೋದು? ಗಿಟ್‌ನ ಭಾಗವೇ ಆದ ಗಿಟ್-ಎಸ್‌ವಿಎನ್ ಅನ್ನುವ ಸಾಧನ ಸಾಕು. ಜಿಸಿಸಿ ಅನ್ನುವ ಕಂಪೈಲರ್ (ಕೋಡನ್ನು ಕಂಪ್ಯೂಟರ್ ಓಡಿಸುವ ರೂಪಕ್ಕೆ ತರುವ ಸಾಫ್ಟ್‌ವೇರ್) ಮಾಡುವವರು 2020ರ ಜನವರಿಯಲ್ಲಿ ಗಿಟ್‌ಗೆ ಬಂದಾಗ ರೆಪೋಸರ್ಜನ್ ಅನ್ನುವ ದೊಡ್ಡ ಸಾಧನ ಬಳಸಿದರು. ನಮ್ಮಂಥವರಿಗೆ ಅಷ್ಟೆಲ್ಲ ಬೇಡ. ಆದರೆ ಸರ್ವರ್‌ನಿಂದ ನೆಟ್ ಮೇಲೆ ನೇರವಾಗಿ ಎಳೆಯಬೇಡಿ. ಗಿಟ್-ಎಸ್‌ವಿಎನ್ ಒಂದೊಂದೇ ರಿವಿಷನ್ (ಎಸ್‌ವಿಎನ್ ನಂಬರ್ ಹಾಕಿಟ್ಟ ಒಂದೊಂದು ಕಮಿಟ್) ತರುತ್ತದೆ, ಬಹಳ ನಿಧಾನ. ಮೊದಲು ರೆಪಾಸಿಟರಿಯ (ಕೋಡ್, ಹಿಸ್ಟರಿ ಎಲ್ಲ ಇರುವ ಕಣಜ) ಡಂಪ್, ಅಂದರೆ ಪೂರ್ತಿ ನಕಲು, ತೆಗೆದು ನಿಮ್ಮ ಕಂಪ್ಯೂಟರಿಗೇ ಹಾಕಿಕೊಳ್ಳಿ, ಅಲ್ಲಿಂದ ಎಳೆಯಿರಿ. ನಡುವೆ ಕರೆಂಟ್ ಹೋದರೆ ಗಾಬರಿ ಬೇಡ. ಮತ್ತೆ ಫೆಚ್ (ಎಳೆಯುವ ಆಜ್ಞೆ) ಕೊಟ್ಟರೆ ನಿಂತ ಕಡೆಯಿಂದಲೇ ಮುಂದುವರಿಯುತ್ತದೆ. ನಮ್ಮಲ್ಲಿ ಮೂರು ಸಲ ಹೋಯಿತು.

ಶುರು ಮಾಡುವ ಮುಂಚೆ ಆಥರ್ಸ್ ಫೈಲ್, ಅಂದರೆ ಯಾವ ಯೂಸರ್ ನೇಮ್ ಯಾರದು ಅನ್ನುವ ಪಟ್ಟಿ ಬೇಕು. ಎಸ್‌ವಿಎನ್‌ನಲ್ಲಿ ಬರೀ ಯೂಸರ್ ನೇಮ್ ಇರುತ್ತದೆ, ಗಿಟ್‌ಗೆ ಹೆಸರು, ಇಮೇಲ್ ಎರಡೂ ಬೇಕು. ಪಟ್ಟಿಯಲ್ಲಿ ಒಬ್ಬರು ಬಿಟ್ಟುಹೋದರೂ ಆ ರಿವಿಷನ್‌ಗೆ ಬಂದು ನಿಂತುಬಿಡುತ್ತದೆ. ಕಮಿಟ್ ಸಮಯವೂ ಯುಟಿಸಿಯಲ್ಲಿ (ಜಾಗತಿಕ ಪ್ರಮಾಣ ಸಮಯ) ಬರುತ್ತದೆ, ಅಂದರೆ ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದೆ. ಲೋಕಲ್‌ಟೈಮ್ ಆಯ್ಕೆ ಕೊಟ್ಟರೆ ಸರಿಹೋಗುತ್ತದೆ.

ಒಂದು ಕಡೆ ನನ್ನ ಮಾತು ಬೇರೆಯವರಿಗಿಂತ ಬೇರೆ. ಹಲವರು ನೋ-ಮೆಟಾಡೇಟಾ ಅನ್ನುವ ಆಯ್ಕೆ ಕೊಡಿ, ಲಾಗ್ (ಕಮಿಟ್‌ಗಳ ಪಟ್ಟಿ) ಚೊಕ್ಕಟವಾಗಿರುತ್ತದೆ ಅನ್ನುತ್ತಾರೆ. ಕೊಡಬೇಡಿ. ಅದಿಲ್ಲದಿದ್ದರೆ ಪ್ರತಿ ಕಮಿಟ್ ಕೆಳಗೆ ಹಳೆಯ ರಿವಿಷನ್ ನಂಬರ್ ಉಳಿಯುತ್ತದೆ. ನೋಡೋಕೆ ಚೆಂದ ಇಲ್ಲ, ನಿಜ. ಆದರೆ ಗಿಟ್‌ನಲ್ಲಿ ಕಮಿಟ್‌ನ ಗುರುತು ಹ್ಯಾಶ್ ಅನ್ನುವ 40 ಅಕ್ಷರದ ಸಂಕೇತ. ನಮ್ಮ ಡೈರಿಗಳಲ್ಲಿ, ಗಿರಾಕಿಗಳಿಗೆ ಕಳಿಸಿದ ಮೇಲ್‌ಗಳಲ್ಲಿ ಎಲ್ಲ ಕಡೆ ಇರುವುದು ರಿವಿಷನ್ ನಂಬರ್. ಎರಡಕ್ಕೂ ಸೇತುವೆ ಅದೊಂದೇ ಸಾಲು.

ನಮಗೆ ಜಾಸ್ತಿ ಕಾಡಿದ್ದು ನುಡಿ. ಮೊದಲ ವರ್ಷಗಳ ಕಮಿಟ್ ಸಂದೇಶಗಳನ್ನು ಹಳೆಯ ನುಡಿ ಫಾಂಟ್‌ನಲ್ಲಿ ಬರೆದಿದ್ದೆವು, ಯೂನಿಕೋಡ್ ಅಲ್ಲ. ಗಿಟ್ ಲಾಗ್ ತೆಗೆದರೆ ತಲೆಬುಡ ಇಲ್ಲದ ರೋಮನ್ ಅಕ್ಷರ. ಹಿಸ್ಟರಿ ತಿದ್ದುವ ಗಿಟ್ ಫಿಲ್ಟರ್-ರೆಪೋ ಅನ್ನುವ ಸಾಧನದಲ್ಲಿ ಸಂದೇಶ ತಿದ್ದುವ ದಾರಿ ಇದೆ, ಅದರೊಳಗೆ ನುಡಿ ಪರಿವರ್ತಕ ಕೂರಿಸಿದೆ. ಮೊದಲ ಸಲ ಅರ್ಕಾವತ್ತು ಎಲ್ಲ ಎಡವಟ್ಟಾಯಿತು. ನುಡಿಯಲ್ಲಿ ಅದು ಅಕ್ಷರದ ನಂತರ ಕೂರುತ್ತದೆ, ಯೂನಿಕೋಡ್‌ನಲ್ಲಿ ರ ಮೊದಲು ಬರಬೇಕು. ಇದನ್ನು ಮಾಡುವುದಿದ್ದರೆ ಯಾರೂ ಕ್ಲೋನ್ (ತಮ್ಮ ಕಂಪ್ಯೂಟರಿಗೆ ರೆಪಾಸಿಟರಿಯ ನಕಲು) ಮಾಡಿಕೊಳ್ಳುವ ಮುಂಚೆಯೇ ಮಾಡಿ. ಹ್ಯಾಶ್‌ಗಳೆಲ್ಲ ಬದಲಾಗುತ್ತವೆ.

ಸೆಟಪ್ ಫೈಲು, ಡೇಟಾಬೇಸ್ ಬ್ಯಾಕಪ್ ಇದ್ದರೆ ಅದೇ ಹೊತ್ತಿಗೆ ಕಿತ್ತುಹಾಕಿ. ಗಿಟ್‌ನಲ್ಲಿ ಪ್ರತಿ ಕ್ಲೋನ್ ಜೊತೆ ಪೂರ್ತಿ ಹಿಸ್ಟರಿ ಇಳಿಯುತ್ತದೆ. ಕೋಡ್‌ನಲ್ಲಿ ಪಾಸ್‌ವರ್ಡ್ ಇದ್ದರೆ ಅಳಿಸಿ ಸುಮ್ನಾಗಬೇಡಿ, ಪಾಸ್‌ವರ್ಡನ್ನೇ ಬದಲಾಯಿಸಿ. ಎಸ್‌ವಿಎನ್ ಟ್ಯಾಗ್‌ಗಳು (ಬಿಡುಗಡೆಗಳಿಗೆ ಹಾಕಿದ ಗುರುತು) ಬ್ರಾಂಚ್ (ಕೋಡ್‌ನ ಕವಲು) ರೂಪದಲ್ಲಿ ಬರುತ್ತವೆ, ಅವನ್ನು ನಿಜವಾದ ಟ್ಯಾಗ್ ಮಾಡಿಕೊಳ್ಳಬೇಕು.

ಕೊನೆಗೆ ಎಸ್‌ವಿಎನ್‌ನಿಂದ ಎಕ್ಸ್‌ಪೋರ್ಟ್ ಮಾಡಿದ ಫೋಲ್ಡರನ್ನೂ ಗಿಟ್ ಫೋಲ್ಡರನ್ನೂ ಹೋಲಿಸಿ. ಖಾಲಿ ಫೋಲ್ಡರ್‌ಗಳು ಮಾಯವಾಗಿರುತ್ತವೆ, ಗಿಟ್ ಅವನ್ನು ಇಟ್ಟುಕೊಳ್ಳುವುದಿಲ್ಲ. ನಮ್ಮ ಬಿಲ್ ಪ್ರಿಂಟ್ ಆಗದೆ ನಿಂತಿದ್ದು ಅಂಥದ್ದೇ ಒಂದು ಖಾಲಿ ಫೋಲ್ಡರ್ ಇಲ್ಲದೆ.

ಬದಲಾವಣೆಗೆ ನಾವು ಆರಿಸಿದ್ದು ಅಮಾವಾಸ್ಯೆ. ಅವತ್ತು ಹಮಾಲರು ಬರಲ್ಲ, ನಮ್ಮ ಗಿರಾಕಿಗಳ ಮಿಲ್ ಬಂದ್, ಫೋನೂ ಬರಲ್ಲ. ಬೆಳಿಗ್ಗೆಯೇ ಎಸ್‌ವಿಎನ್‌ನಲ್ಲಿ ಯಾರೂ ಕಮಿಟ್ ಮಾಡದ ಹಾಗೆ ಪ್ರಿ-ಕಮಿಟ್ ಹುಕ್ ಹಾಕಿದೆ. ಓದಲು ಮಾತ್ರ ಈಗಲೂ ತೆರೆದಿಟ್ಟಿದ್ದೇನೆ.