ಆ ಭಾನುವಾರ ಗೇಟು ದಾಟಬೇಕಿತ್ತು

ತಮ್ಮಾ, ಇಲ್ಲಿ ಜಾಂಬಿಯಾದ ಲುಸಾಕಾದಲ್ಲಿ ಕೆಲಸ ಸಿಕ್ಕಿದೆ ಅಂತ ಓದಿ ಖುಷಿಯಾಯಿತು. ಅಕ್ಕಿ ಬೇಳೆ ಸಿಗುತ್ತಾ, ಚಳಿ ಇದೆಯಾ, ಅಲ್ಲಿನ ಜನರ ಜೊತೆ ಬೆರೆಯುವುದು ಹೇಗೆ ಅಂತ ಕೇಳಿದ್ದೀಯ.

ಅಕ್ಕಿ ಬೇಳೆ ಸಿಗುತ್ತೆ, ಕಮ್ವಾಲಾ ಕಡೆ ಗುಜರಾತಿಗಳ ಅಂಗಡಿಗಳಿವೆ. ಜೂನ್, ಜುಲೈಗೆ ಸ್ವೆಟರ್ ಬೇಕು. ಸೊಳ್ಳೆ ಪರದೆ ಮರೆಯಬೇಡ. ಸಾರಿನ ಪುಡಿ ಅಮ್ಮ ಹೇಗೂ ಕಟ್ಟಿಕೊಡುತ್ತಾರೆ.

ಜನರ ಬಗ್ಗೆ ಮಾತ್ರ ಸ್ವಲ್ಪ ಜಾಸ್ತಿ ಬರೆಯಬೇಕು.

ನಾನು ಬಂದಿದ್ದು 2011ರ ಕೊನೆಗೆ. ಕತ್ತಲಾದ ಮೇಲೆ ಗೇಟು ದಾಟಬೇಡ ಅಂತ ನಮ್ಮವರೇ ಹೇಳಿದ್ದರು. ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡೆ. 2012ರ ಫೆಬ್ರುವರಿ 12, ಭಾನುವಾರ. ಆಫ್ರಿಕಾ ಕಪ್ ಫುಟ್‌ಬಾಲ್ ಫೈನಲ್, ಜಾಂಬಿಯಾಕ್ಕೂ ಐವರಿ ಕೋಸ್ಟಿಗೂ. ನಮ್ಮ ಆಫೀಸಿನ ಡ್ರೈವರ್, ಅಪ್ಪನ ವಯಸ್ಸಿನವರು, "ಮನೆಗೆ ಬಾ, ಊಟ ಅಲ್ಲೇ, ಒಟ್ಟಿಗೆ ನೋಡೋಣ" ಅಂದರು. ಬೆಳಿಗ್ಗೆ ಬೇಗ ಏಳಬೇಕು ಅಂದುಬಿಟ್ಟೆ.

ಮ್ಯಾಚ್ ಇದ್ದದ್ದು ಗಬಾನ್ ದೇಶದ ಲಿಬ್ರವಿಲ್‌ನಲ್ಲಿ. ಆ ಊರಿನ ಹೆಸರು ಇಲ್ಲಿನವರಿಗೆ ಏನು ಅಂತ ಆಗ ನನಗೆ ಗೊತ್ತಿರಲಿಲ್ಲ. 1993ರ ಏಪ್ರಿಲ್ 27ರಂದು ಸೆನೆಗಲ್‌ಗೆ ಆಡಲು ಹೊರಟಿದ್ದ ಜಾಂಬಿಯಾ ತಂಡದ ವಿಮಾನ ಅದೇ ಊರಿನ ಕಡಲಿಗೆ ಬಿತ್ತು. ಸತ್ತವರು 30 ಜನ. ಅವರಲ್ಲಿ ಆಟಗಾರರೇ 18. ಆ ತಂಡದ ಆಟಗಾರ ಕಲುಶಾ ಬ್ವಾಲ್ಯಾ ಆಗ ಹಾಲೆಂಡಿನ ಪಿಎಸ್‌ವಿ ಕ್ಲಬ್ಬಿಗೆ ಆಡುತ್ತಿದ್ದರು. ಆ ವಿಮಾನದಲ್ಲಿ ಇರಲಿಲ್ಲ, ಹಾಗಾಗಿ ಉಳಿದರು. ಹೊಸ ಹುಡುಗರನ್ನು ಕಟ್ಟಿಕೊಂಡು ಮರುವರ್ಷವೇ ಇದೇ ಕಪ್ಪಿನ ಫೈನಲ್ ಮುಟ್ಟಿದರು. ನೈಜೀರಿಯಾ ಎದುರು 2-1ರಲ್ಲಿ ಸೋತರು. 2012ರ ಹೊತ್ತಿಗೆ ಅವರೇ ಫುಟ್‌ಬಾಲ್ ಸಂಸ್ಥೆಯ ಅಧ್ಯಕ್ಷ. ಫೈನಲ್‌ಗೆ ಮುಂಚೆ ತಂಡದವರೆಲ್ಲ ಆ ಕಡಲ ದಂಡೆಗೆ ಹೋಗಿ ಹೂವಿಟ್ಟು ಬಂದಿದ್ದರು.

ಐವರಿ ಕೋಸ್ಟಿನ ದ್ರೋಗ್ಬಾ ಪೆನಾಲ್ಟಿಯನ್ನು ಗೋಲಿನ ಮೇಲಿಂದ ಆಚೆ ಹೊಡೆದರು. 0-0. ಆಮೇಲೆ ಪೆನಾಲ್ಟಿ ಶೂಟೌಟ್. ಜಾಂಬಿಯಾದ ಸ್ಟಾಪಿಲಾ ಸುಂಝು ಕೊನೆಯದನ್ನು ಒಳಗೆ ಹಾಕಿದಾಗ 8-7, ಕಪ್ ಜಾಂಬಿಯಾಕ್ಕೆ. ಇದೆಲ್ಲ ನಾನು ಆಮೇಲೆ ನೋಡಿದ್ದು. ಆ ಹೊತ್ತಿಗೆ ಹಾಸಿಗೆಯಲ್ಲಿದ್ದೆ. ನಡುರಾತ್ರಿ ಹತ್ತಿರ ಊರಿಗೆ ಊರೇ ಬೀದಿಗಿಳಿಯಿತು. ಹಾರ್ನ್, ಹಾಡು, ಅಳು. ನಾನು ಚಿಲಕ ಸರಿಯಾಗಿ ಹಾಕಿದೆಯಾ ಅಂತ ಎದ್ದು ನೋಡಿದೆ.

ಮರುದಿನ ಆ ಡ್ರೈವರ್ ಗಂಟಲು ಕಟ್ಟಿಹೋಗಿತ್ತು. 1993ರಲ್ಲಿ ಇಲ್ಲಿನ ಇಂಡಿಪೆಂಡೆನ್ಸ್ ಸ್ಟೇಡಿಯಂನಲ್ಲಿ ಆ ಆಟಗಾರರ ಶವಪೆಟ್ಟಿಗೆಗಳನ್ನು ನೋಡಿದ್ದರಂತೆ. "ನಿನಗೆ ಅಂತ ಒಂದು ಕುರ್ಚಿ ಇಟ್ಟಿದ್ದೆ" ಅಂದರು. ಬೇಜಾರು ತೋರಿಸಲಿಲ್ಲ. ಮತ್ತೆ ಕರೆಯಲೂ ಇಲ್ಲ. ಕರೆದಾಗ ಹೋಗದಿದ್ದರೆ ಹೇಗೆ ಅಂತ ನಿನಗೆ ಗೊತ್ತಲ್ಲ, ನಮ್ಮೂರಿನ ಹಾಗೇ. ಕೆಲಸ ಬಿಟ್ಟು ಊರಿಗೆ ಹೋದರು, ಅಲ್ಲೇ ತೀರಿಕೊಂಡರು. ಅವರ ಮನೆಯಲ್ಲಿ ನಾನು ಒಂದು ತುತ್ತೂ ತಿಂದಿಲ್ಲ.

ಹುಷಾರಾಗಿರು, ಬೇಡ ಅನ್ನಲ್ಲ. ರಾತ್ರಿ ಒಬ್ಬನೇ ನಡೆಯಬೇಡ, ಟ್ಯಾಕ್ಸಿ ಮಾಡು. ಆದರೆ ಕರೆದವರ ಮನೆಗೆ ಹೋಗು. ಮೆಕ್ಕೆಜೋಳದ ಹಿಟ್ಟಿನ ನ್ಶಿಮಾ ಕೊಡುತ್ತಾರೆ. ಮುದ್ದೆ ಮುರಿದ ಕೈಗೆ ಅದು ಹೊಸದಲ್ಲ, ಅಗಿದು ತಿನ್ನಬೇಕು ಅಷ್ಟೇ. ಹಿರಿಯರನ್ನು ಕರೆಯುವಾಗ ಹೆಸರಿಗೆ ಮೊದಲು ಗೌರವಕ್ಕೆ "ಬಾ" ಸೇರಿಸು.

ಬಂದ ತಕ್ಷಣ ಫೋನ್ ಮಾಡು. ಮೊದಲ ಭಾನುವಾರ ಸ್ಟೇಡಿಯಂ ಪಕ್ಕದ ಆ ಆಟಗಾರರ ಸಮಾಧಿಗಳ ಹತ್ತಿರ ಕರೆದುಕೊಂಡು ಹೋಗುತ್ತೇನೆ.