ಜೋಲಿ ಬಿಡಿಸುವುದನ್ನು ಬೆಂಗಳೂರಿನಲ್ಲೇ ಶುರು ಮಾಡಿ

ಏಳು ತಿಂಗಳ ಪಾಪುವನ್ನು ಕರೆದುಕೊಂಡು ಮಾರ್ಚ್ ಮೊದಲ ವಾರ ಮ್ಯಾಂಚೆಸ್ಟರ್‌ಗೆ ಹೊರಡುತ್ತಿದ್ದೀರಿ. ಯಜಮಾನರು ಆಗಲೇ ಅಲ್ಲಿದ್ದಾರೆ. ನೀವಿನ್ನೂ ವಿಜಯನಗರದಲ್ಲಿ ಅಮ್ಮನ ಮನೆಯಲ್ಲಿದ್ದೀರಿ. ಪಾಪು ಜೋಲಿ ಬಿಟ್ಟು ಬೇರೆಲ್ಲೂ ಮಲಗುವುದಿಲ್ಲ, ರಾತ್ರಿ ಮೂರು ನಾಲ್ಕು ಸಲ ಹಾಲಿಗೆ ಏಳುತ್ತದೆ. "ಅಕ್ಕ, ಅಲ್ಲಿ ಮಕ್ಕಳನ್ನ ಬೇರೆ ರೂಮಲ್ಲೇ ಮಲಗಿಸ್ಬೇಕಂತೆ, ಹೌದಾ? ರಾತ್ರಿ ಅತ್ರೆ ಪಕ್ಕದ ಮನೆಯವ್ರು ಕಂಪ್ಲೇಂಟ್ ಕೊಡ್ತಾರಂತೆ, ಹೌದಾ? ಒಬ್ಬಳೇ ಹೇಗೆ ನೋಡ್ಕೊಳ್ಳಲಿ?" ಅಂತ ಕೇಳಿದ್ದೀರಿ.

ನಾನು ಬಸವನಗುಡಿಯವಳು. ಎರಡು ಮಕ್ಕಳನ್ನೂ ಇಂಗ್ಲೆಂಡಿನಲ್ಲೇ ಬೆಳೆಸಿದ್ದೇನೆ. ಈಗ ರಜೆಗೆ ಅಮ್ಮನ ಮನೆಗೆ ಬಂದಿದ್ದೇನೆ. ಮೊದಲು ನಿಮ್ಮ ಎರಡು ಭಯಕ್ಕೆ ಉತ್ತರ. ಬೇರೆ ರೂಮಿನಲ್ಲೇ ಮಲಗಿಸಬೇಕು ಎಂಬ ಕಡ್ಡಾಯ ಎಲ್ಲೂ ಇಲ್ಲ. ಅಲ್ಲಿಯ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ಹೇಳುವುದೇ ಮೊದಲ ಆರು ತಿಂಗಳು ಮಗು ನಿಮ್ಮ ರೂಮಿನಲ್ಲೇ, ಆದರೆ ತನ್ನದೇ ಕಟಕಟೆಯಿರುವ ಪುಟ್ಟ ಮಂಚದಲ್ಲಿ, ಅಂದರೆ ಕಾಟ್‌ನಲ್ಲಿ ಮಲಗಲಿ ಅಂತ. ಆಮೇಲೂ ನಿಮ್ಮ ರೂಮಿನಲ್ಲೇ ಇಟ್ಟುಕೊಂಡರೆ ಯಾರೂ ಕೇಳುವುದಿಲ್ಲ. ಮಗು ಅಂದಮೇಲೆ ಅಳುತ್ತದೆ, ಅದು ಅಲ್ಲಿಯವರಿಗೂ ಗೊತ್ತು. ಪಕ್ಕದ ಮನೆಯವರಿಗೆ ಮೊದಲ ದಿನವೇ ನಗುನಗುತ್ತಾ "ಚಿಕ್ಕ ಮಗು ಇದೆ" ಅಂತ ಹೇಳಿಬಿಡಿ, ಸಾಕು.

ಇನ್ನು ಜೋಲಿಯ ವಿಷಯ. ಅಲ್ಲಿ ಬಾಡಿಗೆ ಮನೆಯ ಸೂರಿಗೆ ಕೊಕ್ಕೆ ಹಾಕುವ ಹಾಗಿಲ್ಲ, ಸೀರೆ ಕಟ್ಟುವ ತೊಲೆಯೂ ಇರುವುದಿಲ್ಲ. ಅದಕ್ಕಿಂತ ದೊಡ್ಡ ಮಾತು, ಅಲ್ಲಿ ತೂಗುವ ಕೈ ಇರುವುದಿಲ್ಲ. ಇಲ್ಲಿ ಅಜ್ಜಿ ತೂಗುತ್ತಾರೆ, ಅವರಿಗೆ ಸುಸ್ತಾದರೆ ಚಿಕ್ಕಮ್ಮ, ಸಂಜೆಗೆ ತಾತ. ಅಲ್ಲಿ ಬೆಳಗ್ಗೆ ಎಂಟರಿಂದ ಸಂಜೆ ಆರರವರೆಗೆ ನೀವೊಬ್ಬರೇ. ಹಾಗಾಗಿ ಬದಲಾವಣೆಯನ್ನು ಅಲ್ಲಿಗೆ ಹೋದಮೇಲೆ ಮಾಡೋಣ ಅಂತ ಬಿಡಬೇಡಿ. ಹೊಸ ಮನೆ, ಹೊಸ ಚಳಿ, ಹೊಸ ಟೈಮು, ಅದರ ಜೊತೆ ಜೋಲಿಯೂ ಹೋಯಿತು ಅಂದರೆ ಮಗುವಿಗೂ ಕಷ್ಟ, ನಿಮಗೂ ಕಷ್ಟ. ಎತ್ತಿಕೊಳ್ಳೋಕೆ ನಾಲ್ಕು ಜನ ಇರುವಾಗಲೇ ಇದನ್ನು ಮುಗಿಸಿಕೊಳ್ಳಿ.

ಎಲ್ಲಾ ನಿದ್ದೆಯನ್ನೂ ಒಂದೇ ಸಲ ಬದಲಿಸಬೇಡಿ. ರಾತ್ರಿಯ ಮೊದಲ ನಿದ್ದೆಯಿಂದ ಶುರು ಮಾಡಿ, ಆಗ ಮಗುವಿಗೆ ನಿಜವಾಗಿ ಸುಸ್ತಾಗಿರುತ್ತದೆ. ಮೊದಲು ಹಾಲು. ಆಮೇಲೆ ಬಟ್ಟೆ ಬದಲಿಸಿ, ದೀಪ ಸಣ್ಣದು ಮಾಡಿ, ಒಂದು ಜೋಗುಳ ಹೇಳಿ. ತೋಳಿನಲ್ಲಿ ತೂಗಿ, ಕಣ್ಣು ಎಳೆಯುವಾಗ, ಪೂರ್ತಿ ಮುಚ್ಚುವ ಮೊದಲು, ಸಮತಟ್ಟಾದ ಗಟ್ಟಿ ಹಾಸಿಗೆ ಮೇಲೆ ಅಂಗಾತ ಮಲಗಿಸಿ. ಕೈ ತಕ್ಷಣ ತೆಗೆಯಬೇಡಿ. ಎದೆ ಮೇಲೆ ಒಂದು ಕೈ ಹಗುರವಾಗಿ ಇರಲಿ, ಇನ್ನೊಂದರಿಂದ ತೊಡೆ ತಟ್ಟಿ. ಅತ್ತರೆ ಎತ್ತಿಕೊಳ್ಳಿ, ಸಮಾಧಾನ ಆದಮೇಲೆ ಮತ್ತೆ ಮಲಗಿಸಿ. ಕೆಲವು ರಾತ್ರಿ ಇದು ತುಂಬಾ ಹೊತ್ತು ಹಿಡಿಯುತ್ತದೆ. ಅಜ್ಜಿ "ಪಾಪ, ಜೋಲಿಗೆ ಹಾಕಬಾರದಾ" ಅಂದೇ ಅನ್ನುತ್ತಾರೆ. ಹಗಲಿನ ನಿದ್ದೆಗೆ ಇನ್ನೊಂದು ವಾರ ಜೋಲಿ ಇರಲಿ ಅಂತ ಅವರಿಗೆ ಬಿಟ್ಟುಕೊಡಿ. ತಟ್ಟುವುದನ್ನು ಮಾತ್ರ ಬಿಡಿಸಲು ಹೋಗಬೇಡಿ. ತಟ್ಟುವುದು, ಹಾಡುವುದು ಎಲ್ಲಾ ದೇಶಕ್ಕೂ ನಿಮ್ಮ ಜೊತೆಗೇ ಬರುತ್ತದೆ.

ಈ ಕ್ರಮದಿಂದ ರಾತ್ರಿ ಏಳುವುದೂ ನಿಧಾನವಾಗಿ ಕಡಿಮೆಯಾಗುತ್ತದೆ. ಎಳೆ ಮಕ್ಕಳ ನಿದ್ದೆಯ ಒಂದು ಸುತ್ತು ಒಂದು ಗಂಟೆಗೂ ಕಡಿಮೆ. ಪ್ರತಿ ಸುತ್ತಿನ ಕೊನೆಗೆ ಅರೆ ಎಚ್ಚರವಾಗುತ್ತದೆ. ತೂಗುತ್ತಾ ನಿದ್ದೆ ಹೋದ ಮಗು ಆಗ ತೂಗು ಅನ್ನುತ್ತದೆ, ಹಾಲು ಕುಡಿಯುತ್ತಾ ನಿದ್ದೆ ಹೋದದ್ದು ಹಾಲು ಕೇಳುತ್ತದೆ. ಹಾಗಂತ ರಾತ್ರಿ ಹಾಲನ್ನು ಒಮ್ಮೆಗೇ ನಿಲ್ಲಿಸಬೇಡಿ. ಈ ವಯಸ್ಸಿನಲ್ಲಿ ಒಂದೆರಡು ಸಲ ನಿಜವಾಗಿ ಹಸಿವಾಗಬಹುದು.

ಅಲ್ಲಿಯ ಚಳಿಗೆ ನಮ್ಮವರು ಮಾಡುವುದು ಒಂದೇ, ಸುತ್ತೋದು. ಕುಲಾವಿ, ಸ್ವೆಟರ್, ಕಾಲುಚೀಲ, ಮೇಲೆ ದಪ್ಪ ಕಂಬಳಿ. ಹೊರಗೆ ಹೋಗುವಾಗ ಸರಿ. ಮನೆಯೊಳಗೆ ಮಲಗಿಸುವಾಗ ಕುಲಾವಿ ಖಂಡಿತ ಬೇಡ. ಎಳೆ ಮಗು ಮೈಯ ಬಿಸಿಯನ್ನು ಹೆಚ್ಚಾಗಿ ತಲೆಯಿಂದಲೇ ಹೊರಹಾಕುತ್ತದೆ, ಮೈ ಜಾಸ್ತಿ ಬಿಸಿಯಾದರೆ ಜೀವಕ್ಕೇ ಅಪಾಯ. ರೂಮು 16ರಿಂದ 20 ಡಿಗ್ರಿ ಇದ್ದರೆ ಸಾಕು. ನಮಗೆ ಅದು ತಣ್ಣಗೆ ಅನಿಸುತ್ತದೆ, ಮಗುವಿಗೆ ಸರಿಯಾಗಿರುತ್ತದೆ. ಒಂದು ವರ್ಷದವರೆಗೆ ದಿಂಬು, ರಜಾಯಿ ಏನೂ ಬೇಡ. ಅಲ್ಲಿ ಮಕ್ಕಳಿಗೆ ತೋಳಿಲ್ಲದ ಸ್ಲೀಪಿಂಗ್ ಬ್ಯಾಗ್ ಹಾಕುತ್ತಾರೆ, ಅದರ ದಪ್ಪವನ್ನು ಟಾಗ್ ಎಂಬ ಅಳತೆಯಲ್ಲಿ ಬರೆದಿರುತ್ತಾರೆ. ಚಳಿಗಾಲಕ್ಕೆ 2.5 ಟಾಗ್, ಬೇಸಿಗೆಗೆ 1 ಟಾಗ್ ತಗೊಳ್ಳಿ. ಕುತ್ತಿಗೆ ಸಡಿಲವಿದ್ದರೆ ಮಗು ಒಳಗೆ ಜಾರುತ್ತದೆ, ಆದ್ದರಿಂದ ಸೈಜು ನೋಡಿ ತಗೊಳ್ಳಿ. ಚಳಿಯಾಗಿದೆಯಾ ಅಂತ ಕೈಕಾಲು ಮುಟ್ಟಿ ನೋಡಬೇಡಿ, ಅವು ಯಾವಾಗಲೂ ತಣ್ಣಗೇ ಇರುತ್ತವೆ. ಎದೆ ಅಥವಾ ಕತ್ತಿನ ಹಿಂದೆ ಮುಟ್ಟಿ ನೋಡಿ.

ಪಕ್ಕದಲ್ಲಿ ಮಲಗಿಸಿಕೊಳ್ಳುವುದು ನಮ್ಮಲ್ಲಿ ಸಹಜ, ನನಗೂ ಗೊತ್ತು. ಆದರೂ ಮಂಚಕ್ಕೆ ತಾಗಿದ ಹಾಗೆ ಕಾಟ್ ಇಡುವುದೇ ಒಳ್ಳೆಯದು. ಸಿಗರೇಟ್ ಸೇದುವವರು, ಕುಡಿದವರು ಮಂಚದಲ್ಲಿದ್ದರೆ, ಮಗು 37 ವಾರಕ್ಕೆ ಮೊದಲೇ ಹುಟ್ಟಿದ್ದರೆ ಅಥವಾ ಹುಟ್ಟುವಾಗ 2.5 ಕೆಜಿಗಿಂತ ಕಡಿಮೆ ಇದ್ದಿದ್ದರೆ ಒಂದೇ ಹಾಸಿಗೆ ಬೇಡವೇ ಬೇಡ. ಸೋಫಾ ಮೇಲೆ ಮಗುವನ್ನು ಎದೆಗೊರಗಿಸಿಕೊಂಡು ನಿದ್ದೆ ಹೋಗಬೇಡಿ, ಅದು ಎಲ್ಲಕ್ಕಿಂತ ಅಪಾಯ.

ಬೆಂಗಳೂರಿನಲ್ಲಿ ವರ್ಷಪೂರ್ತಿ ಹಗಲಿನ ಉದ್ದ ಒಂದೂವರೆ ಗಂಟೆಯಷ್ಟೇ ಹೆಚ್ಚುಕಮ್ಮಿ ಆಗುತ್ತದೆ. ಮ್ಯಾಂಚೆಸ್ಟರ್‌ನಲ್ಲಿ ಡಿಸೆಂಬರ್ ಹಗಲು ಏಳೂವರೆ ಗಂಟೆ, ಜೂನ್ ಹಗಲು ಹದಿನೇಳು ಗಂಟೆ. ಜೂನ್‌ನಲ್ಲಿ ರಾತ್ರಿ ಒಂಬತ್ತೂವರೆಗೂ ಬಿಸಿಲಿರುತ್ತದೆ, ಐದಕ್ಕೆ ಮೊದಲೇ ಮತ್ತೆ ಬೆಳಕು. ದಪ್ಪ ಕಪ್ಪು ಪರದೆ ಮೊದಲ ತಿಂಗಳೇ ಹಾಕಿಸಿ. ಹಾಲ್‌ಗೆ ಬೇಡ, ಮಲಗುವ ರೂಮಿಗೆ ಸಾಕು.

ಮಾರ್ಚ್ ಮೊದಲ ವಾರ ಇಲ್ಲಿಗೂ ಅಲ್ಲಿಗೂ ಐದೂವರೆ ಗಂಟೆ ವ್ಯತ್ಯಾಸ. ಇಲ್ಲಿ ರಾತ್ರಿ ಒಂಬತ್ತೂವರೆಗೆ ಮಲಗುವ ಪಾಪುವಿಗೆ ಅಲ್ಲಿ ಸಂಜೆ ನಾಲ್ಕಕ್ಕೇ ರಾತ್ರಿ. ಬೆಳಗ್ಗೆ ಆರೂವರೆಗೆ ಏಳುವ ಅಭ್ಯಾಸ ಇದ್ದರೆ ಅಲ್ಲಿ ಮಧ್ಯರಾತ್ರಿ ಒಂದಕ್ಕೆ ಆಟಕ್ಕೆ ರೆಡಿ. ಭಯ ಬೇಡ. ನಾಲ್ಕು ಗಂಟೆಯ ನಿದ್ದೆ ತಡೆಯಲು ಹೋಗಬೇಡಿ, ಅದನ್ನು ಸಣ್ಣ ನಿದ್ದೆ ಅಂತಲೇ ಭಾವಿಸಿ ಎಬ್ಬಿಸಿ, ಬೆಚ್ಚಗೆ ಸುತ್ತಿ ಹೊರಗಿನ ಬೆಳಕಿಗೆ ಕರೆದುಕೊಂಡು ಹೋಗಿ. ರಾತ್ರಿ ಎದ್ದಾಗ ಹಾಲು ಕೊಡಿ, ಆದರೆ ದೊಡ್ಡ ದೀಪ ಹಾಕಬೇಡಿ, ವಿಡಿಯೊ ಕಾಲ್ ಮಾಡಬೇಡಿ. ಆ ಹೊತ್ತಿಗೆ ಇಲ್ಲಿ ಅಜ್ಜಿ ಎದ್ದಿರುತ್ತಾರೆ, ಆಸೆಯಾಗುತ್ತದೆ, ಬೇಡ. ದಿನಕ್ಕೆ ಸುಮಾರು ಒಂದು ಗಂಟೆಯ ಹಾಗೆ ಸರಿಹೋಗುತ್ತದೆ. ಮಾರ್ಚ್ ಕೊನೆಯ ಭಾನುವಾರ ಅಲ್ಲಿ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗುತ್ತದೆ, ಅದನ್ನೂ ನೆನಪಿಡಿ.

ಹಗಲು ನಿದ್ದೆ ಕತ್ತರಿಸಿದರೆ ರಾತ್ರಿ ಚೆನ್ನಾಗಿ ಮಲಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಈ ವಯಸ್ಸಿಗೆ ಅದು ಉಲ್ಟಾ. ಅತಿಯಾಗಿ ಸುಸ್ತಾದ ಮಗು ರಾತ್ರಿ ಇನ್ನೂ ಜಾಸ್ತಿ ಏಳುತ್ತದೆ. ನಾಲ್ಕು ತಿಂಗಳಿಂದ ಒಂದು ವರ್ಷದವರೆಗೆ ಹಗಲು ರಾತ್ರಿ ಸೇರಿ 12ರಿಂದ 16 ಗಂಟೆ, ಎರಡು ವರ್ಷದವರೆಗೆ 11ರಿಂದ 14 ಗಂಟೆ ಬೇಕು. ಈಗ ಎರಡರಿಂದ ಮೂರು ಗಂಟೆ ಎಚ್ಚರವಿದ್ದಮೇಲೆ ಕಿವಿ ಎಳೆಯುವುದು, ಕಣ್ಣುಜ್ಜುವುದು, ಮುಖ ಆಚೆ ತಿರುಗಿಸುವುದು ಕಂಡರೆ ಮಲಗಿಸಿ. ಒಂದೂವರೆ ವರ್ಷದ ಹೊತ್ತಿಗೆ ಮಧ್ಯಾಹ್ನದ ಒಂದೇ ನಿದ್ದೆಗೆ ಬರುತ್ತದೆ. ಅದು ಸಂಜೆ ನಾಲ್ಕರವರೆಗೆ ಎಳೆದರೆ ಮಾತ್ರ ರಾತ್ರಿ ಮಲಗುವ ಹೊತ್ತು ಜಾರುತ್ತದೆ. ಅಲ್ಲಿಯವರ ಹಾಗೆ ಏಳಕ್ಕೇ ಮಲಗಿಸಬೇಕಿಲ್ಲ. ಮುಂದೆ ನರ್ಸರಿಗೆ ಎಂಟಕ್ಕೆ ಹೋಗಬೇಕಾದರೆ ಅಲ್ಲಿಂದ ಹಿಂದಕ್ಕೆ ಎಣಿಸಿ ಮನೆಯ ಟೈಮು ಮಾಡಿಕೊಳ್ಳಿ.

ನಿದ್ದೆಗೆ ಅಂತ ಗಸಗಸೆ ನೀರು, ಜಾಯಿಕಾಯಿ ತೇಯ್ದದ್ದು ಕೊಡಬೇಡಿ. ವಿಮಾನದಲ್ಲಿ ಮಲಗಲಿ ಅಂತ ಶೀತದ ಸಿರಪ್ಪನ್ನೂ ಕುಡಿಸಬೇಡಿ. ಟಿಕೆಟ್ ಆಗಿದ್ದರೆ ಇವತ್ತೇ ಬ್ಯಾಸಿನೆಟ್ ಸೀಟು, ಅಂದರೆ ಮುಂದೆ ಪಾಪುವಿಗೆ ಪುಟ್ಟ ತೊಟ್ಟಿಲು ಜೋಡಿಸಿಕೊಡುವ ಸೀಟು ಕೇಳಿ, ಅವು ಕೆಲವೇ ಇರುತ್ತವೆ.

ಹೋದ ತಕ್ಷಣ ಹತ್ತಿರದ ಜಿಪಿ ಸರ್ಜರಿಯಲ್ಲಿ, ಅಂದರೆ ಅಲ್ಲಿಯ ಫ್ಯಾಮಿಲಿ ಡಾಕ್ಟರ ಕ್ಲಿನಿಕ್ಕಿನಲ್ಲಿ, ಹೆಸರು ನೋಂದಾಯಿಸಿ. ಲಸಿಕೆ ಕಾರ್ಡ್ ಕೈಚೀಲದಲ್ಲೇ ಇರಲಿ. ಹೆಲ್ತ್ ವಿಸಿಟರ್ ಅಂತ ಒಬ್ಬ ನರ್ಸ್ ಸಿಗುತ್ತಾರೆ, ಫೀಸಿಲ್ಲ, ನಿದ್ದೆಯ ಎಲ್ಲಾ ಪ್ರಶ್ನೆ ಅವರನ್ನು ಕೇಳಬಹುದು. ನಿದ್ದೆಯಿಲ್ಲದೆ ನಿಮಗೇ ಸುಮ್ನೆ ಅಳು ಬರುತ್ತಿದ್ದರೆ, ಏನೂ ಬೇಡ ಅನಿಸುತ್ತಿದ್ದರೆ ಅದನ್ನೂ ಅವರಿಗೇ ಹೇಳಿ, ಬಚ್ಚಿಡಬೇಡಿ. ರಾತ್ರಿ ಒಂದು ಸರದಿಯನ್ನು ಯಜಮಾನರಿಗೆ ಕೊಡಿ. ಅವರೂ ತಟ್ಟಿ ಮಲಗಿಸುವುದನ್ನು ಕಲಿಯಲಿ.